ನಮ್ಮಮ್ಮ ಮತ್ತೆ ಜಡೆ ಹೆಣೆಯಲು ಕಲಿತದ್ದು

ಮೈಸೂರಿನ ನಮ್ಮ ಬೀದಿಯಲ್ಲಿ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ ಮೊದಲು ನಮ್ಮಮ್ಮನನ್ನು ಗೊತ್ತು ಮಾಡುತ್ತಿದ್ದರು. ಮೊಗ್ಗಿನ ಜಡೆಗೆ ಅವಳ ಕೈಯೇ ಆಗಬೇಕು. "ಎಂಥಾ ಕೂದ್ಲಾದ್ರೂ ಸರಿ, ನನ್ ಕೈಗೆ ಬಂದ್ರೆ ಮಾತು ಕೇಳುತ್ತೆ" ಅನ್ನುತ್ತಿದ್ದಳು. ಆ ಹೆಮ್ಮೆಯನ್ನು ಸೂಟ್‌ಕೇಸಿನಲ್ಲಿ ಸೀಗೆಪುಡಿಯ ಜೊತೆಗೇ ತುಂಬಿಕೊಂಡು ಅವಳು ಅಮೆರಿಕದ ಡಬ್ಲಿನ್ನಿನ ನಮ್ಮ ಮನೆಗೆ ಬಂದಳು.

ನಮ್ಮ ಮಗಳು ಮನೆಗೆ ಬಂದು ಆಗ ಎರಡು ತಿಂಗಳು. ನಾಲ್ಕು ವರ್ಷದ ಆಫ್ರಿಕನ್-ಅಮೆರಿಕನ್ ಹುಡುಗಿ. ಎರಡು ಸಾಕುಮನೆಗಳಲ್ಲಿ ಇದ್ದು, ಮೂರನೆಯದಾಗಿ ನಮ್ಮಲ್ಲಿಗೆ ಬಂದಿದ್ದಳು. ಕೋರ್ಟಿನಲ್ಲಿ ದತ್ತು ಅಖೈರಾಗುವವರೆಗೆ ಸಮಾಜ ಕಾರ್ಯಕರ್ತೆಯೊಬ್ಬಳು ತಿಂಗಳಿಗೊಮ್ಮೆ ಬಂದು ನೋಡಿಹೋಗುತ್ತಿದ್ದಳು. ಮಗು ಆಡುತ್ತಿತ್ತು, ಸಾರನ್ನ ತಿನ್ನುತ್ತಿತ್ತು. ತನ್ನ ಪುಟ್ಟ ಬ್ಯಾಗನ್ನು ಮಾತ್ರ ಬಿಚ್ಚಿರಲಿಲ್ಲ. ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿತ್ತು. ಅದು ಎಂದು ಬಿಚ್ಚೀತು ಎಂದು ನಾನೂ ನನ್ನ ಗಂಡನೂ ದಿನಾ ನೋಡುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ.

ಬಂದ ಮೊದಲ ಶನಿವಾರವೇ ಅಮ್ಮ ಮೊಮ್ಮಗಳಿಗೆ ಎಣ್ಣೆಸ್ನಾನ ಎಂದು ಸಾರಿದಳು. ನನಗೂ ಖುಷಿ. ನನ್ನ ತಲೆಗೆ ಎಣ್ಣೆ ಒತ್ತಿದ ಕೈ ನನ್ನ ಮಗಳ ತಲೆಗೂ ಬರಲಿ, ಅದಕ್ಕಿಂತ ಇನ್ನೇನು ಬೇಕು? ಎಣ್ಣೆ ಒತ್ತುವವರೆಗೆ ಎಲ್ಲ ಚೆನ್ನಾಗಿತ್ತು. ಮಗು ಕಣ್ಣು ಮುಚ್ಚಿ ಅಜ್ಜಿಯ ಮೊಣಕಾಲಿಗೆ ಒರಗಿಯೂ ಬಿಟ್ಟಿತು. ಆಮೇಲೆ ಬಂತು ಸೀಗೆಪುಡಿ. ನಮ್ಮ ಕೂದಲಿನಿಂದ ನಾಲ್ಕು ಚೊಂಬು ನೀರಿಗೆ ಇಳಿದುಹೋಗುವ ಪುಡಿ ಆ ಬಿಗಿ ಸುರುಳಿಗಳೊಳಗೆ ಹೊಕ್ಕು ಕೂತಿತು, ಕದಲಲೇ ಇಲ್ಲ. ಅಮ್ಮ ಉಜ್ಜಿದಷ್ಟೂ ಕೂದಲು ಗಂಟು ಕಟ್ಟಿತು. ಒಣಗಿಸಿ ಬಾಚಿದರೆ ಪುಡಿ ತಾನಾಗಿ ಉದುರುತ್ತದೆ ಎಂದು ಟವೆಲಿನಲ್ಲಿ ಒರೆಸಿ ಒಣಗಿಸಿ, ಹಲ್ಲು ಒತ್ತಾಗಿರುವ ತನ್ನ ಬಾಚಣಿಗೆಯನ್ನು ನೆತ್ತಿಯಿಂದಲೇ ಎಳೆದಳು. ಎರಡು ಹಲ್ಲು ಮುರಿದವು. ಮಗು ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಸ್ವಲ್ಪ ಹೊತ್ತಿಗೆ ನೋಡಿದರೆ ಅವಳು ಶೂ ಹಾಕಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಾಳೆ.

"ನನ್ನನ್ನ ಕರ್ಕೊಂಡು ಹೋಗೋಕೆ ಆ ಲೇಡಿ ಯಾವಾಗ ಬರ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಏನಂತೆ ಕಣೇ?" ಅಂದಳು ಅಮ್ಮ. ನಾನು ಹೇಳಿದೆ. ಅವಳು ಬಾಚಣಿಗೆ ಕೆಳಗಿಟ್ಟಳು. ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ದತ್ತು ಪಡೆದ ನಮ್ಮಂಥ ಕುಟುಂಬಗಳ ಗುಂಪೊಂದು ಹತ್ತಿರದ ಓಕ್ಲೆಂಡಿನ ಒಂದು ಚರ್ಚಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತದೆ. ಅಲ್ಲಿಗೆ ಹೋಗಿ ಮಗುವಿನ ಕೂದಲ ಆರೈಕೆ ಕಲಿಯಿರಿ ಎಂದು ಕಾರ್ಯಕರ್ತೆ ಮೊದಲ ದಿನವೇ ಹೇಳಿದ್ದಳು. ಜಡೆಗೆ ಹೆಸರಾದ ಮನೆಯವಳು ನಾನು, ಅಲ್ಲಿ ಕಲಿಯುವುದೇನಿದೆ ಎಂದು ಹೋಗಿರಲಿಲ್ಲ. ತಪ್ಪು ಅಮ್ಮನದಲ್ಲ, ನನ್ನದು. ಮರುದಿನ ಅಮ್ಮ, ಮಗು, ನಾನು ಮೂವರೂ ಹೋದೆವು.

ಗುಂಪು ನಡೆಸುವವರು ಎಪ್ಪತ್ತು ದಾಟಿದ ಆಫ್ರಿಕನ್-ಅಮೆರಿಕನ್ ಹಿರಿಯಾಕೆ. ಎಷ್ಟೋ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಿದವರು. ಮಗುವಿಗೆ ಹಾಕಿದ್ದ ಟೋಪಿಯ ಅಂಚಿನಲ್ಲಿ ಇಣುಕುತ್ತಿದ್ದ ಗಂಟುಗಳನ್ನು ನೋಡುತ್ತಲೇ ಅವರಿಗೆ ಎಲ್ಲ ತಿಳಿಯಿತು.

"ಯಾರ ಕೆಲಸ ಇದು?"

ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಮೆಲ್ಲಗೆ ಕೈ ಎತ್ತಿದಳು, ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ, ಅರ್ಧಕ್ಕೆ.

ಹಿರಿಯಾಕೆ ಬೈಯಲಿಲ್ಲ. ಮಗುವಿನ ಮುಂದೆ ಕೂತು, "ನಿನ್ನ ಕೂದಲು ಮುಟ್ಟಬಹುದಾ ಬೇಬಿ?" ಎಂದು ಕೇಳಿದರು. ಅದು ತುಂಬ ಯೋಚಿಸಿ ಹೂಂ ಎಂದು ತಲೆಯಾಡಿಸಿತು. ಹಾಗೆ ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ನೀರು ಚಿಮುಕಿಸಿ, ಕಂಡೀಷನರು ಸವರಿ, ಕೂದಲನ್ನು ನಾಲ್ಕು ಪಾಲು ಮಾಡಿ, ತುದಿಯಿಂದ ಶುರುಮಾಡಿ ಬೆರಳಲ್ಲೇ ಬಿಡಿಸುತ್ತ ಮೇಲಕ್ಕೆ ಹೋದರು. "ಒಣಗಿದ್ದಾಗ ಬಾಚಬೇಡಿ. ಬುಡದಿಂದ ಅಂತೂ ಬೇಡವೇ ಬೇಡ." ಕೊನೆಗೆ ಬುಡಕ್ಕೆ ಹಚ್ಚಲು ಒಂದು ಸೀಸೆ ತೆರೆದರು. ವಾಸನೆ ಬಂದದ್ದೇ ಅಮ್ಮ ಕುರ್ಚಿಯಿಂದ ಎದ್ದುಬಿಟ್ಟಳು.

"ಹರಳೆಣ್ಣೆ ಕಣೇ! ಕೇಳೇ ಅವರ್ನ, ಯಾರು ಹೇಳ್ಕೊಟ್ರಂತೆ?"

"ನಮ್ಮಜ್ಜಿ" ಎಂದರು ಹಿರಿಯಾಕೆ. "ತಲೆಗೂ ಅದೇ, ಹೊಟ್ಟೆಗೂ ಅದೇ. ಕುಡಿಯಲ್ಲ ಅಂದ್ರೆ ಹೀಗೆ." ತಮ್ಮ ಮೂಗನ್ನು ತಾವೇ ಹಿಡಿದು ತೋರಿಸಿದರು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಮ್ಮ ಬಿದ್ದು ಬಿದ್ದು ನಕ್ಕಳು. "ನಮ್ಮಜ್ಜಿನೂ ಹಿಂಗೇ! ರಾಕ್ಷಸಿ!"

ಅಂದಿನಿಂದ ಪ್ರತಿ ಭಾನುವಾರ ಅಮ್ಮ ಆ ಹಾಲಿನಲ್ಲಿ ಕುರ್ಚಿ ಎಳೆದುಕೊಂಡು, ಅಭ್ಯಾಸದ ಗೊಂಬೆಯ ತಲೆಯ ಮೇಲೆ, ನೆತ್ತಿಗೆ ಅಂಟಿಕೊಂಡು ಸಾಗುವ ಸಣ್ಣ ಜಡೆಗಳನ್ನು ಹೆಣೆಯಲು ಕಲಿತಳು. ಬೈತಲೆ ಸೊಟ್ಟಗಾದರೆ ಹಿರಿಯಾಕೆ ಲೊಚಗುಟ್ಟುತ್ತಿದ್ದರು: "ಬಿಚ್ಚಿ ಸಿಸ್ಟರ್, ಮತ್ತೆ ಹಾಕಿ." ಬೀದಿಯ ಮದುಮಕ್ಕಳಿಗೆಲ್ಲ ಜಡೆ ಹಾಕಿದ ನಮ್ಮಮ್ಮ ಮರುಮಾತಿಲ್ಲದೆ ಬಿಚ್ಚುತ್ತಿದ್ದಳು. ಕಾರಿನಲ್ಲಿ ಮಾತ್ರ, "ಅಕ್ಕ ಭಾರೀ ಸ್ಟ್ರಿಕ್ಟು ಕಣೇ. ಥೇಟ್ ನನ್ ಹಾಗೇನೇ" ಅನ್ನುತ್ತಿದ್ದಳು. ನಮ್ಮ ಮಗಳ ತಲೆಗೆ ಅವಳು ಕೈ ಹಚ್ಚಲಿಲ್ಲ. ಮಗಳಿಗೆ ಹಿರಿಯಾಕೆಯೇ ಹೆಣೆಯುತ್ತಿದ್ದರು. "ಕರೀಲಿ ಅವಳೇ. ನಿಧಾನವಾಗಿ ಕರೀಲಿ. ನಂಗೇನವಸರ?" ಅನ್ನುತ್ತಿದ್ದಳು ಅಮ್ಮ. ಅವಸರವಿತ್ತು. ಅವಳ ವೀಸಾ ಇದ್ದದ್ದು ಆರೇ ತಿಂಗಳು.

ಅಮ್ಮ ಊರಿಗೆ ಹೊರಡಲು ಎರಡು ವಾರ ಉಳಿದಿರುವಾಗ ಕೋರ್ಟಿನ ದಿನ ಬಂತು. ಹಿಂದಿನ ದಿನ ಡೇಕೇರಿನಿಂದ ಮಗಳನ್ನು ಕರೆತಂದು, ಜಡೆ ಹಾಕಿಸಲು ಓಕ್ಲೆಂಡಿಗೆ ಹೊರಡೋಣ ಎಂದೆ. ಅವಳು ಅಲ್ಲಾಡಲಿಲ್ಲ. ಬಾಗಿಲ ಬಳಿ ಹೋಗಿ ತನ್ನ ಬ್ಯಾಗಿನ ಜಿಪ್ಪನ್ನು ಎಳೆದಳು. ಒಳಗಿದ್ದದ್ದು ಒಂದೇ ಒಂದು ಡಬ್ಬಿ, ಅದರ ತುಂಬ ಹಳದಿ ಮಣಿಗಳು. ಹೆತ್ತ ತಾಯಿ ಅವಳ ಜಡೆಗೆ ಪೋಣಿಸುತ್ತಿದ್ದ ಮಣಿಗಳು ಎಂದು ಕಾರ್ಯಕರ್ತೆ ಹೇಳಿದ್ದಳು. ನಾನು ನೋಡಿದ್ದು ಅದೇ ಮೊದಲು. ಡಬ್ಬಿಯನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟಳು.

"ಅಜ್ಜಿ, ಯು ಡು ಇಟ್."

ಅಮ್ಮ ಕಲಿತದ್ದನ್ನು ಮರೆಯಲಿಲ್ಲ. "ಮುಟ್ಲಾ ಕಂದಾ?"

"ಓಕೆ. ಬಟ್ ನಿಧಾನ."

ಮೂರು ಗಂಟೆ ಹಿಡಿಯಿತು. ಹನ್ನೊಂದು ಜಡೆ, ಒಂದೊಂದರ ತುದಿಗೂ ಹಳದಿ ಮಣಿ. ಮಗಳು ಒಮ್ಮೆಯೂ ಅಳಲಿಲ್ಲ, ನಡುವೆ ಅಜ್ಜಿಯ ಮೊಣಕಾಲಿಗೆ ಒರಗಿ ನಿದ್ದೆಯನ್ನೂ ತೆಗೆದಳು. ಖಾಲಿ ಬ್ಯಾಗನ್ನು ಎತ್ತಿ ಗೂಟಕ್ಕೆ ನೇತುಹಾಕಿದವನು ನನ್ನ ಗಂಡ.

ಮರುದಿನ ಜಡ್ಜಮ್ಮ ಸಹಿ ಹಾಕಿ, ಮಗುವನ್ನು ನೋಡಿ, "ಎಷ್ಟು ಚೆಂದದ ಜಡೆ! ಯಾರು ಹಾಕಿದ್ದು?" ಎಂದರು. ಅವಳು ಮಣಿಗಳು ಗಲಗಲ ಅನ್ನುವಂತೆ ತಿರುಗಿ ಹಿಂದಿನ ಬೆಂಚನ್ನು ತೋರಿಸಿದಳು. "ನಮ್ಮಜ್ಜಿ."

ಹಿಂದಿನ ಬೆಂಚಿನಲ್ಲಿ ಅಮ್ಮ ಕೈ ಎತ್ತಿದಳು. ಈ ಸಲ ಅರ್ಧಕ್ಕಲ್ಲ, ಬಳೆಗಳು ಮೊಣಕೈಯವರೆಗೆ ಜಾರುವಷ್ಟು ಮೇಲಕ್ಕೆ. ಪಕ್ಕದಲ್ಲಿ ಕೂತಿದ್ದ ಹಿರಿಯಾಕೆ ಅವಳ ಕಿವಿಯ ಬಳಿ ಬಗ್ಗಿ, "ಮೂರನೇ ಬೈತಲೆ ಸ್ವಲ್ಪ ಸೊಟ್ಟ, ಸಿಸ್ಟರ್" ಎಂದು ಪಿಸುಗುಟ್ಟಿದರು. ಇಂಗ್ಲಿಷಿನಲ್ಲಿ ಹೇಳಿದ್ದು, ಆದರೂ ಅಮ್ಮನಿಗೆ ನನ್ನ ನೆರವು ಬೇಕಾಗಲಿಲ್ಲ.

"ಗೊತ್ತು ಅಕ್ಕಾ, ಗೊತ್ತು" ಎಂದಳು ಅಮ್ಮ, ಎತ್ತಿದ ಕೈ ಇಳಿಸದೆ.