ಕಾಲುವೆ ಬಂದ್ ಆಗುವ ತನಕ ಅಂಕವಿಲ್ಲ

ಮಜೀದಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಅವಳ ಬಗ್ಗೆ ಬರೆಯುವ ನಾಲ್ಕು ಒಳ್ಳೆಯ ಮಾತುಗಳನ್ನು ಯಾರಾದರೂ ನನ್ನ ದೊಡ್ಡತನ ಎಂದುಕೊಂಡಾರು. ದೊಡ್ಡತನ ನನ್ನಲ್ಲಿ ಅಷ್ಟಕ್ಕಷ್ಟೇ.

ಶಹಾಪುರದ ನಮ್ಮ ಸಮುದಾಯ ಕಾಲೇಜಿನಲ್ಲಿ ಪಂಪು-ಮೋಟಾರು ರಿಪೇರಿಯ ಒಂದು ವರ್ಷದ ಕೋರ್ಸು ಇದೆ. ಥಿಯರಿ ನನ್ನದು, ಕೈಕೆಲಸ ಅವಳದು. ನಾನು ದೇವಕಮ್ಮ, ಸಗರದವಳು, ಕಲಬುರಗಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ನಮ್ಮವ್ವ ಕಂಡವರ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಭತ್ತದ ಸಸಿ ನೆಟ್ಟು ನನ್ನನ್ನು ಓದಿಸಿದಳು. ನಮ್ಮ ಓಣಿಯ ಮೊದಲ ಡಿಪ್ಲೊಮಾ ಅದು; ಕಟ್ಟು ಹಾಕಿಸಿ ಬಾಬಾಸಾಹೇಬರ ಫೋಟೊದ ಪಕ್ಕದಲ್ಲೇ ತೂಗುಹಾಕಿದ್ದೇವೆ. ಮಜೀದಾ ಏಳನೆಯ ಇಯತ್ತೆ ಮುಗಿಸಿದವಳಲ್ಲ. ಆದರೂ ಹುಡುಗರು ನನ್ನನ್ನು ಕಂಡರೆ "ಮೇಡಂ" ಎಂದು ಎದ್ದು ನಿಲ್ಲುತ್ತಿದ್ದರು, ಅವಳನ್ನು ಕಂಡರೆ ಅಕ್ಕನನ್ನು ಕರೆದ ಹಾಗೆ "ಆಪಾ" ಎಂದು ಹತ್ತಿರ ಓಡಿಹೋಗುತ್ತಿದ್ದರು. ಎದ್ದು ನಿಲ್ಲುವುದಕ್ಕೂ ಓಡಿಹೋಗುವುದಕ್ಕೂ ಎಷ್ಟು ಅಂತರ ಎಂಬುದು ಅದನ್ನು ನೋಡುತ್ತ ನಿಂತವರಿಗೇ ಗೊತ್ತು. ನಾನಂತೂ ಅವಳನ್ನು ಒಂದು ದಿನವೂ ಆಪಾ ಎನ್ನಲಿಲ್ಲ. "ಮಜೀದಾಬಿಯವರ" ಎನ್ನುತ್ತಿದ್ದೆ, ಹಾಜರಿ ಪುಸ್ತಕ ಓದಿದ ಹಾಗೆ.

ಅವಳ ಕಥೆಯನ್ನು ಹುಡುಗರೆಲ್ಲ ಬಾಯಿಪಾಠ ಮಾಡಿದ್ದರು. ತವರು ಸುರಪುರ. ಕಾಲುವೆಗೆ ನೀರು ಬಂದ ಹೊಸತರಲ್ಲಿ ಅವಳ ಗಂಡ ಖಾಜಾಹುಸೇನ ಶಹಾಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟ. ನೀರು ಬಂದಲ್ಲಿಗೆ ಪಂಪು ಬಂತು, ಪಂಪು ಬಂದಲ್ಲಿ ಮೋಟಾರು ಸುಟ್ಟಿತು. ಅಂಗಡಿಯಲ್ಲಿ ಜಾಗ ಸಾಲದೆ ಅವನು ಸುಟ್ಟ ಮೋಟಾರುಗಳನ್ನು ಮನೆಗೆ ಹೊತ್ತು ತರುತ್ತಿದ್ದ. ರೊಟ್ಟಿ ತಟ್ಟಿ ಮುಗಿಸಿದ ಕೈಯಲ್ಲೇ ಅವಳು ತಾಮ್ರದ ತಂತಿ ಹಿಡಿದಳು. ಬಿದಿರಿನ ಪಟ್ಟಿಯಿಂದ ತಂತಿಯನ್ನು ಒಂದೊಂದೇ ಮೋಟಾರಿನ ಸೀಳುಗಳೊಳಗೆ ಕೂರಿಸುವುದು, ಟೇಪು ಬಿಗಿಯುವುದು, ವಾರ್ನಿಶ್ ಕುಡಿಸುವುದು ಎಲ್ಲವೂ ಮನೆಯ ಒಳಗೇ. ಹೆಸರು ಮಾತ್ರ ಅಂಗಡಿಯ ಬೋರ್ಡಿನ ಮೇಲೆ ಗಂಡನದು. ಅವನು ತೀರಿಕೊಂಡಾಗ ರೈತರು, ಇನ್ನು ಆ ಕೈ ಎಲ್ಲಿ ಸಿಗಬೇಕು ಎಂದು ಮರುಗಿದರಂತೆ. ಮರುತಿಂಗಳು ಅದೇ ಅಂಗಡಿಯಿಂದ ಮೋಟಾರುಗಳು ಮೊದಲಿನ ಹಾಗೇ ಬಂದಾಗ ಅವರಿಗೆ ವಿಷಯ ತಿಳಿಯಿತು. 2013ರಲ್ಲಿ ಕೋರ್ಸು ಶುರುವಾದಾಗ ನಮ್ಮ ಸಂಚಾಲಕ ಸಾಬಣ್ಣ ಸರ್ ಅವಳ ಮನೆಗೇ ಹೋಗಿ ಅತಿಥಿ ಶಿಕ್ಷಕಿಯಾಗಿ ಕರೆತಂದರು. ವರ್ಷ ವರ್ಷವೂ ಮೇಲಿನವರ ಮಂಜೂರಾತಿ ಬಂದರಷ್ಟೇ ಅವಳ ಕೆಲಸ ಮುಂದುವರಿಯುತ್ತಿತ್ತು.

ಅವಳ ಪರೀಕ್ಷೆಯೇ ಬೇರೆ. ಡಬ್ಬದ ತಗಡು ಕತ್ತರಿಸಿ ಬಿಲ್ಲೆ ಮಾಡುತ್ತಿದ್ದಳು. ಹುಡುಗರು ಮೊಳೆಯಿಂದ ಚುಚ್ಚಿ ಅದರ ಮೇಲೆ ತಮ್ಮ ಹೆಸರು ಬರೆಯಬೇಕು. ತಾವು ಸುತ್ತಿದ ಮೋಟಾರಿನ ಕನೆಕ್ಷನ್ ಡಬ್ಬಿಯೊಳಗೆ ಆ ಬಿಲ್ಲೆ ಇಟ್ಟು ರೈತನ ಹೊಲಕ್ಕೆ ಕಳಿಸಬೇಕು. ಕಾಲುವೆಯ ನೀರು ನಿಲ್ಲುವುದರೊಳಗೆ ಮೋಟಾರು ಸುಟ್ಟು ವಾಪಸ್ ಬಂದರೆ ಬಿಲ್ಲೆ ಹೊರಗೆ ತೆಗೆದು ಶೆಡ್ಡಿನ ಬಾಗಿಲ ಮೊಳೆಗೆ ತೂಗುಹಾಕುತ್ತಿದ್ದಳು. ಆ ಹುಡುಗ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಬರದಿದ್ದರೆ ಪಾಸು.

"ಓಲ್ಟೇಜ್ ಕಡಿಮಿಯಾಗಿ ಸುಟ್ಟರ ಅದು ಹುಡುಗನ ತಪ್ಪೇನ್ರಿ?" ಎಂದು ನಾನು ಒಮ್ಮೆ ಕೆಣಕಿದ್ದೆ.

"ಕರೆಂಟು ಎಲ್ಲಾರಿಗೂ ಅದೇ ಬರ್ತದ್ರಿ ಮೇಡಂ," ಎಂದಳು, ತಲೆ ಕೂಡ ಎತ್ತದೆ.

ಮೊದಲನೆಯ ವರ್ಷವೇ ನಾನೂ ಒಂದು ಮೋಟಾರು ಸುತ್ತಿದ್ದೆ. ಥಿಯರಿ ಮೇಡಂಗೆ ಕೈಕೆಲಸ ಬರುವುದಿಲ್ಲ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಪುಸ್ತಕದ ಚಿತ್ರ ಮುಂದಿಟ್ಟುಕೊಂಡು ಎರಡು ದಿನ ಕೂತು ಮುಗಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. "ಮೇಡಂ ಹೆಸರೂ ಇರ್ಲಿ," ಎಂದು ಮಜೀದಾ ನನ್ನ ಕೈಗೂ ಒಂದು ಬಿಲ್ಲೆ ಕೊಟ್ಟಳು. ಆ ಮೋಟಾರು ದೇವಾಪುರದ ಮರಿಲಿಂಗಪ್ಪನ ಹೊಲಕ್ಕೆ ಹೋಯಿತು. ಕಾಲುವೆ ಬಂದ್ ಆಯಿತು, ಮೊಳೆಗೆ ನನ್ನ ಬಿಲ್ಲೆ ಬರಲಿಲ್ಲ. ಮುಂದಿನ ಮೂರು ಬ್ಯಾಚಿಗೂ ಈ ಸಂಗತಿಯನ್ನು ಹೇಳದೆ ನಾನು ಒಂದು ಪಾಠವನ್ನೂ ಶುರು ಮಾಡಿದವಳಲ್ಲ.

ನಾಲ್ಕನೆಯ ವರ್ಷದ ಫೆಬ್ರುವರಿಯಲ್ಲಿ ಹೊಸ ಫಾರ್ಮು ಬಂತು. ವಿದ್ಯಾರ್ಥಿ ಏನು ಕಲಿತ, ಕಲಿತದ್ದಕ್ಕೆ ಪುರಾವೆ ಏನು, ಅಳೆದದ್ದು ಹೇಗೆ ಎಂದು ಪ್ರತಿಯೊಬ್ಬರಿಗೂ ಒಂದೊಂದು ಪುಟ. ಮಾರ್ಚ್ ಹದಿನೈದರೊಳಗೆ ಕಳಿಸಬೇಕು. ಶಿಕ್ಷಕರ ಮಂಜೂರಾತಿ ಇನ್ನು ಮುಂದೆ ಇದರ ಮೇಲೆಯೇ ಎಂದು ಕೊನೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಾಬಣ್ಣ ಸರ್ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ನೀವ ತುಂಬ್ರಿ ದೇವಕಮ್ಮ, ನಮಗ್ಯಾರಿಗೂ ಈ ಭಾಷಾ ತಿಳ್ಯಂಗಿಲ್ಲ," ಎಂದರು.

ನನ್ನ ಭಾಗ ಅರ್ಧ ದಿನದಲ್ಲಿ ಮುಗಿಯಿತು. ಹದಿನೆಂಟು ಜನ, ಮೂರು ಲಿಖಿತ ಪರೀಕ್ಷೆ, ಎಲ್ಲಕ್ಕೂ ಅಂಕ. ಆಮೇಲೆ ಶೆಡ್ಡಿಗೆ ಹೋದೆ.

"ಮಜೀದಾಬಿಯವರ, ಹುಡುಗರಿಗೆ ಕೈಕೆಲಸದ ಅಂಕಾ ಹೇಳ್ರಿ. ಬರ್ಕೋತೀನಿ."

"ಕಾಲುವಿ ಬಂದ್ ಆಗ್ಲಿ, ಹೇಳ್ತೀನಿ."

"ಕಾಲುವಿ ಬಂದ್ ಆಗೋದು ಏಪ್ರಿಲ್‌ಗೆ. ಫಾರ್ಮು ಹೋಗೋದು ಮಾರ್ಚಿಗೆ."

"ಈಗ ಹ್ಯಾಂಗ ಹೇಳ್ಲಿ ಮೇಡಂ? ಮೋಟಾರು ಇನ್ನಾ ಹೊಲದಾಗ ಅವ," ಎಂದು ನಕ್ಕಳು. "ನಿಮಗ ತಿಳಿದಂಗ ಬರೀರಿ. ನೀವು ಕಲ್ತಾಕಿ."

ನನಗೆ ತಿಳಿದಿತ್ತು. ಅದೇ ನನ್ನ ಪಾಪ. ಬಿಲ್ಲೆಯ ಪದ್ಧತಿಯನ್ನು ಆ ಫಾರ್ಮಿನ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ಇಡೀ ಕಾಲೇಜಿನಲ್ಲಿ ಬಲ್ಲವಳು ನಾನೊಬ್ಬಳೇ. ಹಂಗಾಮು ಪೂರ್ತಿ ಹೊಲದಲ್ಲಿ ನಡೆಯುವ ಪರೀಕ್ಷೆ, ಪುರಾವೆ ರೈತನ ಮೋಟಾರು, ಮೂರು ವರ್ಷದ ಫಲಿತಾಂಶ ಹೀಗೆ ಹೀಗೆ ಎಂದು ಒಂದು ಪುಟ ಬರೆದಿದ್ದರೆ ಸಾಕಿತ್ತು. ಮೇಲಿನವರು ನನ್ನ ಮೂರು ಲಿಖಿತ ಪರೀಕ್ಷೆಗಳನ್ನು ಪಕ್ಕಕ್ಕೆ ಸರಿಸಿ ಆ ಪುಟವನ್ನೇ ಎತ್ತಿ ಹಿಡಿಯುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮೈ ಉರಿದುಹೋಯಿತು. ಏಳನೆಯ ಇಯತ್ತೆ ಮುಗಿಸದವಳ ತಗಡಿನ ಚೂರಿನ ಮುಂದೆ ನಮ್ಮವ್ವನ ಸೊಂಟಕ್ಕೆ ಏನು ಬೆಲೆ? ಹದಿನೆಂಟು ಪುಟಗಳಲ್ಲೂ ಕೈಕೆಲಸದ ಕಾಲಮ್ಮಿನಲ್ಲಿ "ಮೌಲ್ಯಮಾಪನ ನಡೆದಿಲ್ಲ" ಎಂದು ದುಂಡಗೆ ಬರೆದೆ. ಸುಳ್ಳೇನಲ್ಲ, ಆ ದಿನಕ್ಕೆ ಅದು ನಡೆದಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆಯಿತು. ಹದಿನೆಂಟರಲ್ಲಿ ಒಂದೇ ಬಿಲ್ಲೆ ಮೊಳೆಯ ಮೇಲಿತ್ತು. ಜೂನ್‌ನಲ್ಲಿ ಆದೇಶ ಬಂತು: ಥಿಯರಿ ಭಾಗ ಅತ್ಯುತ್ತಮ, ಕೈಕೆಲಸದ ಶಿಕ್ಷಕಿ ಕಲಿಕೆಯನ್ನು ಅಳೆದಿಲ್ಲವಾದ್ದರಿಂದ ಮಂಜೂರಾತಿ ಇಲ್ಲ. ಮಜೀದಾ ತನ್ನ ಬಿದಿರಿನ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡಳು, ಎಲ್ಲರಿಗೂ ಹೇಳಿದಂತೆ ನನಗೂ "ಬರ್ತೀನ್ರಿ ಮೇಡಂ" ಎಂದು ಹೇಳಿ ಹೋದಳು. ಸಂತೋಷವಾಗಬೇಕಿತ್ತು. ಆದರೆ ಸಂಜೆಯಾದರೆ ಹುಡುಗರು ಸೈಕಲ್ ಹತ್ತಿ ಅವಳ ಮನೆಗೇ ಹೋಗುತ್ತಿದ್ದರು. ಕೆಲಸ ಕಿತ್ತುಕೊಂಡರೂ ಅವಳ ಬಾಗಿಲು ತುಂಬಿದೆಯಲ್ಲ ಎಂದು ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಒಂಬತ್ತು ದಿನಕ್ಕೆ ಮರಿಲಿಂಗಪ್ಪ ಟಂಟಂ ಆಟೊದಲ್ಲಿ ಮೋಟಾರು ಹೇರಿಕೊಂಡು ಬಂದ. "ನಿಮ್ಮ ಹೆಸರಿಂದು ಅದರಿ ಮೇಡಂ. ನಾಕು ಹಂಗಾಮು ದೇವರಂಗ ನಡೀತು, ನಿನ್ನೆ ಹೊಗಿ ಹಾರ್ತು."

ನಾಲ್ಕು ಹಂಗಾಮು! ಹೊಸ ಬ್ಯಾಚಿನ ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿಕೊಂಡೆ. ಡಬ್ಬಿ ಬಿಚ್ಚಿ ನನ್ನ ಬಿಲ್ಲೆ ತೋರಿಸಿದೆ, ಅದು ಕೈಯಿಂದ ಕೈಗೆ ಹೋಯಿತು. ಪುಸ್ತಕ ಓದಿ ಸುತ್ತಿದರೆ ಹೀಗೆ ಬಾಳುತ್ತದೆ ಎಂದು ಭಾಷಣವನ್ನೂ ಬಿಗಿದೆ. ಆಮೇಲೆ ಮುಚ್ಚಳ ತೆಗೆದೆ. ಒಂದು ಮಗ್ಗುಲು ಸುಟ್ಟು ಕರ್ರಗಾಗಿತ್ತು. ಇನ್ನೊಂದು ಮಗ್ಗುಲಲ್ಲಿ, ವಾರ್ನಿಶ್ ಅಡಿಯಲ್ಲಿ, ಟೇಪಿನ ಕೊನೆಯ ಗಂಟು ಹಸಿರು ದಾರದ್ದಿತ್ತು.

ಹಸಿರು ದಾರ ಮಜೀದಾಳ ಮನೆಯ ಗುರುತು. ಅಂಗಡಿಯ ಕಾಲದಿಂದ ಬಂದದ್ದು. ಹುಡುಗರು ಕೇಳಿದರೂ ಕೊಡುತ್ತಿರಲಿಲ್ಲ, ನಿಮ್ಮ ಗುರುತು ನೀವೇ ಹುಡುಕಿಕೊಳ್ಳಿ ಎನ್ನುತ್ತಿದ್ದಳು. ನಾನು ಕಟ್ಟಿದ್ದು ಬಿಳಿ ಟೇಪು ಮಾತ್ರ.

ಮರಿಲಿಂಗಪ್ಪನನ್ನು ಬದಿಗೆ ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಈಗ ಮುಚ್ಚಿಡೋದ್ಯಾಕ್ರಿ. ನೀವು ಕೊಟ್ಟ ಎಂಟ ದಿನಕ್ಕ ಸುಟ್ಟಿತ್ತು. ಇಲ್ಲಿಗೆ ತರಾಕತ್ತಿದ್ದೆ, ದಾರ್ಯಾಗ ಆಪಾ ಸಿಕ್ರು. ಮನಿಗೆ ಒಯ್ದು ತಾವ ಸುತ್ತಿ ಕೊಟ್ರು. ‘ಮೇಡಂ ಹೊಸಬರದಾರ, ಹುಡುಗರ ಮುಂದ ಮಾನ ಹೋಗಬಾರದು, ಹೇಳಬ್ಯಾಡ್ರಿ’ ಅಂದ್ರು. ಬಿಲ್ಲಿ ಹೊಳ್ಳಿ ಅದರಾಗ ಇಟ್ರು."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವಳೂ ಒಂದು ಸಂಗತಿಯನ್ನು ಹೇಳದೆ ಬಿಟ್ಟಿದ್ದಳು, ನಾನೂ ಬಿಟ್ಟಿದ್ದೆ. ಅವಳು ಬಿಟ್ಟದ್ದರಿಂದ ನಾನು ನಾಲ್ಕು ವರ್ಷ ತಲೆ ಎತ್ತಿ ಪಾಠ ಮಾಡಿದೆ. ನಾನು ಬಿಟ್ಟದ್ದರಿಂದ ಅವಳು ಮನೆಗೆ ಹೋದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲೂ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ, ಇದರಲ್ಲೂ ಇವಳೇ ಮುಂದೆ ಎಂದು ಚುಚ್ಚಿತು.

ಹುಡುಗರ ಕೈಯಿಂದ ಬಿಲ್ಲೆ ಇಸಿದುಕೊಂಡು ಬಾಗಿಲ ಮೊಳೆಗೆ ಹಾಕಿದೆ. ಮುಂದೆ ನಿಂತಿದ್ದ ಹಣಮಮ್ಮ ಎಂಬ ಹುಡುಗಿ, "ಮೇಡಂ, ಇದು ನಿಮ್ಮ ಹೆಸರಲ್ರಿ?" ಎಂದಳು.

"ಹೌದು. ನಂದು ಎಂಟ ದಿನಕ್ಕ ವಾಪಸ್ ಬಂದಿತ್ತು. ನಿಮಗ ಸುಳ್ಳು ಹೇಳಿದೆ."

ಸಾಬಣ್ಣ ಸರ್ ಅವರ ಕೋಣೆಯಲ್ಲಿ ಕೂತು, ಬಿಟ್ಟಿದ್ದ ಆ ಒಂದು ಪುಟವನ್ನು ಆವತ್ತೇ ಬರೆದೆ. ನಾಲ್ಕು ವರ್ಷದ ಬಿಲ್ಲೆಗಳ ಲೆಕ್ಕ, ಮೊದಲನೆಯ ವರ್ಷದ ವಾಪಸ್ ಬಂದವುಗಳಲ್ಲಿ ನನ್ನ ಹೆಸರನ್ನೂ ಸೇರಿಸಿ. ಸರ್ ಓದಿ, "ಮುಗಿದ ವರ್ಷದ ಫಾರ್ಮು ಹೊಳ್ಳಿ ತಗೋತಾರೋ ಇಲ್ಲೋ," ಎಂದು ಸಹಿ ಹಾಕಿದರು. ನಾನು ಅದೇ ಟಂಟಂನಲ್ಲಿ ಮೋಟಾರಿನ ಪಕ್ಕ ಕೂತು ಮಜೀದಾಳ ಮನೆಗೆ ಹೋದೆ.

ಅವಳು ಅಂಗಳದಲ್ಲಿ ತಂತಿ ಸುತ್ತುತ್ತಿದ್ದಳು. ಮೋಟಾರು ನೋಡಿದಳು, ನನ್ನ ಮುಖ ನೋಡಿದಳು.

"ಆಪಾ," ಎಂದೆ. ಬಾಯಿಗೆ ಹೊಸ ಮಾತು, ತೊದಲಿತು. "ನಂದು ವಾಪಸ್ ಬಂದದ್ರಿ. ಮತ್ತ ಆ ಕಾಲಂ ಹ್ಯಾಂಗ ತುಂಬಬೇಕು ನನಗ ಗೊತ್ತಿತ್ತು. ಬೇಕಂತ ಬಿಟ್ಟೆ."

ಅವಳು ಬಿದಿರಿನ ಪಟ್ಟಿಯೊಂದನ್ನು ನನ್ನ ಕಡೆ ಸರಿಸಿದಳು. "ಬಿಚ್ಚ್ರಿ. ಮೊದಲಿಂದ ಸುತ್ರಿ."

ಬಿಚ್ಚತೊಡಗಿದೆ. ಎರಡು ಸುರುಳಿ ತೆಗೆಯುವಷ್ಟರಲ್ಲಿ ತಾಳಲಾರದೆ ಕೇಳಿಬಿಟ್ಟೆ, "ನನ್ನ ಮ್ಯಾಲ ಸಿಟ್ಟು ಅದ ಏನ್ರಿ? ಮಾಫ್ ಮಾಡೀರೋ ಇಲ್ಲೋ?"

"ಕಾಲುವಿ ಬಂದ್ ಆಗ್ಲಿ," ಎಂದಳು ಮಜೀದಾ, "ಹೇಳ್ತೀನಿ."