ಎಡಗಾಲಿಗೆ ಒಪ್ಪುವ ಕ್ಲಚ್

ಅಜಿತಕುಮಾರನ ಬಗ್ಗೆ ಬರೆಯಲೇಬೇಕು. ಕೆಲಸ ಕೆಟ್ಟಾಗ ತಪ್ಪು ಒಪ್ಪಿಕೊಳ್ಳುವ ಮೇಸ್ತ್ರಿಗಳು ಅಲ್ಲಿ ಇಲ್ಲಿ ಸಿಗುತ್ತಾರೆ. ಕೆಲಸ ಕೆಡಲಿಲ್ಲ, ಗಿರಾಕಿ ದೂರಲಿಲ್ಲ, ಆದರೂ ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಹಾಕಿದ್ದನ್ನು ಬಿಚ್ಚಿ ಮತ್ತೆ ಮಾಡಿಕೊಟ್ಟವನು ಇವನು.

ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ, ಖಾನಾಪುರಕ್ಕೆ ಹೋಗುವ ರಸ್ತೆಯ ಬದಿಗೆ, ಸಣ್ಣ ಕಾರ್ಖಾನೆಗಳ ಸಾಲಿನ ಕೊನೆಗೆ ಅವನ ತಗಡಿನ ಶೆಡ್ಡು. ಬೋರ್ಡು ಇಲ್ಲ. ಮಾಡುವುದು ಒಂದೇ ಕೆಲಸ, ಕ್ಲಚ್. ವಯಸ್ಸು ಐವತ್ತೆಂಟು. ಮದುವೆ ಆಗಲಿಲ್ಲ. ಇರುವುದು ಬೆಳಗಾವಿ ಪೇಟೆಯೊಳಗೆ, ಖಾಸಬಾಗದ ಒಂದು ಕೋಣೆಯಲ್ಲಿ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಅದಕ್ಕೆ ಸಂಜೆ ಐದಕ್ಕೆ ಶೆಡ್ಡಿನಲ್ಲೇ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಾನೆ. ರೇಡಿಯೊ ಇದೆ, ಹಚ್ಚುವುದಿಲ್ಲ.

ಗಾಡಿಗೆ ದೊಡ್ಡ ಟರ್ಬೊ ಕೂಡಿಸಿ, ಎಂಜಿನ್ನಿನ ಜೋರು ಒಂದಕ್ಕೆರಡು ಮಾಡಿಸಿಕೊಂಡವರು ಅವನಲ್ಲಿಗೆ ಬರುತ್ತಾರೆ. ಅಷ್ಟು ಜೋರನ್ನು ಕಂಪನಿಯ ಕ್ಲಚ್ ತಡೆಯದೆ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಬಂದವರೆಲ್ಲ ಹೇಳುವುದು ಒಂದೇ ಮಾತು, ಎಲ್ಲಕ್ಕಿಂತ ಗಟ್ಟಿ ಇದ್ದದ್ದು ಹಾಕಿ. ಅಜಿತಕುಮಾರ ಎಂಜಿನ್ನಿನ ಬಗ್ಗೆ ಏನೂ ಕೇಳುವುದಿಲ್ಲ.

"ದಿನಕ್ಕ ಕ್ಲಚ್ ಎಷ್ಟ ಸಲ ಒತ್ತತೀರಿ?" ಎನ್ನುತ್ತಾನೆ.

ಯಾರಿಗೂ ಗೊತ್ತಿರುವುದಿಲ್ಲ. "ಎಣಿಸಿಕೊಂಡ ಬರ್ರಿ" ಎಂದು ತಿರುಗಿ ಕಳಿಸುತ್ತಾನೆ. ಅರ್ಧ ಜನ ಮತ್ತೆ ಬರುವುದಿಲ್ಲ. ಆದರೂ ಕೇಳುವುದು ಬಿಟ್ಟಿಲ್ಲ. ಈ ಪ್ರಶ್ನೆ ಅವನಿಗೆ ಪುಕ್ಕಟೆ ಬಂದದ್ದಲ್ಲ.

ಖಾನಾಪುರದ ಪಂಢರಿನಾಥ ಅವನಿಗಿದ್ದ ಒಬ್ಬನೇ ಗೆಳೆಯ. ಹೆಂಚಿನ ಭಟ್ಟಿ ನಡೆಸುವ ಮನುಷ್ಯ. ಬಾಯಿ ಜೋರು, ಗಾಡಿಯ ಹುಚ್ಚು. ಪ್ರತಿ ರವಿವಾರ ಬೆಳಿಗ್ಗೆ ತನ್ನ ಕಪ್ಪು ಕಾರು ತೆಗೆದುಕೊಂಡು ಖಾಸಬಾಗಕ್ಕೆ ಬರುತ್ತಿದ್ದ. ಅಜಿತಕುಮಾರ ಬಾಜೂ ಕೂತು ಅವನ ಜೊತೆ ಖಾನಾಪುರಕ್ಕೆ ಹೋಗುತ್ತಿದ್ದ. ಪಂಢರಿನಾಥನ ಹೆಂಡತಿ ಸುಮನ್ ಇವನಿಗೆಂದು, ಜೈನರು ತಿನ್ನದ ಗಡ್ಡೆಗಳಾದ ಉಳ್ಳಾಗಡ್ಡಿ, ಬಟಾಟಿ ಹಾಕದ ಅವಲಕ್ಕಿ ಬೇರೆ ಮಾಡಿಡುತ್ತಿದ್ದಳು. ಸಂಜೆ ಊಟ ಮಾಡಿಸಿ, ಪಂಢರಿನಾಥ ಮತ್ತೆ ಮನೆಯ ತನಕ ಬಿಟ್ಟು ಹೋಗುತ್ತಿದ್ದ. ಆರು ದಿನ ಆಡದ ಮಾತನ್ನೆಲ್ಲ ಅಜಿತಕುಮಾರ ಆ ಒಂದು ದಿನ ಆಡಿ ಮುಗಿಸುತ್ತಿದ್ದ.

ಹೀಗಿರುವಾಗ ಪಂಢರಿನಾಥ ಗಾಡಿಗೆ ದೊಡ್ಡ ಟರ್ಬೊ ಹಾಕಿಸಿದ. ಕ್ಲಚ್ ಜಾರಿತು. ಗೆಳೆಯನ ಗಾಡಿ, ಕಡಿಮೆ ಯಾಕೆ ಮಾಡಲಿ ಎಂದು ಅಜಿತಕುಮಾರ ತನ್ನಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಬಟನ್ ಪ್ಲೇಟ್ ಹಾಕಿದ. ಅದಕ್ಕೆ ಸುತ್ತಲೂ ಲೈನಿಂಗ್ ಇರುವುದಿಲ್ಲ, ಆರು ಗಟ್ಟಿ ಬಿಲ್ಲೆಗಳಿರುತ್ತವೆ. ಕಚ್ಚಿದರೆ ಬಿಡುವುದಿಲ್ಲ. ಅದರ ಮೇಲೆ, ಅದನ್ನು ಒತ್ತಿ ಹಿಡಿಯಲು, ಅಷ್ಟೇ ಬಿಗಿಯಾದ ಪ್ರೆಶರ್ ಪ್ಲೇಟು. ಮಚ್ಛೆಯಿಂದ ಖಾನಾಪುರದ ತನಕ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದ. ಎಳ್ಳಷ್ಟೂ ಜಾರಲಿಲ್ಲ.

"ಇದು ನಾವಿಬ್ರೂ ಸತ್ತ ಮ್ಯಾಲೂ ಇರತೈತಿ" ಎಂದು ಕೀಲಿ ಕೊಟ್ಟ.

ಮೂರು ತಿಂಗಳಾಗುವಷ್ಟರಲ್ಲಿ ಪಂಢರಿನಾಥ ಬರುವುದು ನಿಂತಿತು. ಮೊದಲು ಒಂದು ರವಿವಾರ ತಪ್ಪಿತು. ಆಮೇಲೆ ಭಟ್ಟಿಯಲ್ಲಿ ಕೆಲಸ ಎಂದ. ಆಮೇಲೆ ಫೋನೂ ಇಲ್ಲ. ಜಗಳವೇನೂ ಆಗಿರಲಿಲ್ಲ. ಅಜಿತಕುಮಾರ ತಾನೇ ಹೋಗಿ ಕೇಳಬಹುದಿತ್ತು. ಬೇಡವಾದವನು ಯಾವ ಮುಖ ಹೊತ್ತು ಹೋಗುವುದು ಎಂದು ಸುಮ್ಮನಾದ. ನಾಲ್ಕು ವರ್ಷ, ರವಿವಾರ ಬಂದರೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಹತ್ತು ಗಂಟೆಯ ತನಕ ಕಟ್ಟೆಯ ಮೇಲೆ ಕೂಡುತ್ತಿದ್ದ. ಆಮೇಲೆ ಒಳಗೆ ಹೋಗಿ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದ.

ಹೋದ ವರ್ಷ ಒಂದು ಬುಧವಾರ ಪಂಢರಿನಾಥನ ಮಗಳು ಸಾನಿಕಾ ಶೆಡ್ಡಿಗೆ ಬಂದಳು. ಬೆಳಗಾವಿಯ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು.

"ಕಾಕಾ, ಗುರ್ತ ಸಿಕ್ಕಿತೇನ್ರಿ?"

"ಎತ್ತರ ಆಗಿಯವಾ."

"ನೀವ ಸೊರಗೀರಿ. ಕಾಕಾ, ಬಾಬಾ ಗಾಡಿ ಮಾರಾಕತ್ಯಾರ. ಗೋವಾದಾಗಿಂದ ಒಬ್ರು ರವಿವಾರ ಬಂದು ತಗೊಂಡ ಹೊಕ್ಕಾರ."

ಬೋಲ್ಟು ತಿರುವುತ್ತಿದ್ದ ಅಜಿತಕುಮಾರನ ಪಾನಾ ಅಲ್ಲೇ ನಿಂತಿತು.

"ಯಾಕ?"

"ಓಡಸಾಕ ಆಗೂದಿಲ್ಲ. ಆ ಕ್ಲಚ್ ಒತ್ತಿ ಒತ್ತಿ ಎಡಗಾಲ ಮೊಣಕಾಲ ಬಾತು ಹೋತು. ಎಣ್ಣಿ ಹಚ್ಚಾಕತ್ತು ನಾಕ ವರ್ಷ ಆತು. ನಾ ಓಡಸತೀನಿ ಅಂದ್ರ ನನಗೂ ಬಗ್ಗೂದಿಲ್ಲ. ಕಪ್ಪಿ ಹಂಗ ಜಿಗದು ಬಂದ್ ಬೀಳತೈತಿ."

"ನನಗ್ಯಾಕ ಹೇಳಲಿಲ್ಲ ಅಂವ?"

"ಅಜಿತಾ ಭಾಳ ಪ್ರೀತಿಲೆ ಹಾಕ್ಯಾನ, ನನ್ನ ಕಾಲ ಸೋತೈತಿ ಅಂತ ಹ್ಯಾಂಗ ಹೇಳ್ಲಿ ಅಂತಾರ. ನಾ ಇಲ್ಲಿಗೆ ಬಂದಿದ್ದ ಅವರಿಗೆ ಗೊತ್ತಿಲ್ರಿ."

ರವಿವಾರಕ್ಕೆ ನಾಲ್ಕೇ ದಿನ. ಗಾಡಿ ಹೋದರೆ ತನಗೂ ಪಂಢರಿನಾಥನಿಗೂ ನಡುವೆ ಉಳಿದ ಒಂದು ಎಳೆಯೂ ಹೋಗುತ್ತದೆ ಎಂದು ಅಜಿತಕುಮಾರನಿಗೆ ಅನಿಸಿತು. ಮರುದಿನ ಶೆಡ್ಡಿಗೆ ಬೀಗ ಹಾಕಿ ಖಾನಾಪುರದ ಬಸ್ಸು ಹತ್ತಿದ.

ಪಂಢರಿನಾಥ ಅಂಗಳದಲ್ಲಿ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಬಾಜೂದಲ್ಲಿ ಮುಸುಕು ಹಾಕಿದ ಕಾರು.

"ಯಾಕೋ, ಬೆಳಗಾಂವಿ ಬಸ್ ಇವತ್ತ ಸುರು ಆದ್ವೇನು?"

"ನಿನ್ನ ಗಾಡಿ ಬರತೈತಿ ಅಂತ ದಾರಿ ನೋಡಿದ್ನಿ."

"ನಾಕ ವರ್ಷ?"

"ಹೂಂ."

ಪಂಢರಿನಾಥ ಕಾಲು ಕೆಳಗಿಳಿಸಲು ನೋಡಿದ, ಆಗಲಿಲ್ಲ. ಸುಮನ್ ಹೊರಗೆ ಬಂದು, "ಬರ್ರಿ ಭಾವೋಜಿ, ಕುಂದರ್ರಿ. ಇವರು ಕಾಲ ನೀಡಿ ಕುಂತಾರ ನೋಡ್ರಿ, ಮಾವನ ಮನಿಗೆ ಬಂದ ಅಳಿಯನಂಗ" ಎಂದಳು. ಸ್ವಲ್ಪ ಹೊತ್ತಿಗೆ ಅವಲಕ್ಕಿ ತಂದಿಟ್ಟಳು. ಅದರಲ್ಲಿ ಉಳ್ಳಾಗಡ್ಡಿ ಇರಲಿಲ್ಲ, ಬಟಾಟಿ ಇರಲಿಲ್ಲ. ಅಜಿತಕುಮಾರ ತಟ್ಟೆ ನೋಡುತ್ತ ಕೂತ. ಆಮೇಲೆ ತಿಂದ.

"ಕೀಲಿ ಕೊಡು. ಮೂರ ದಿನ" ಎಂದ.

"ರವಿವಾರ ಗೋವಾದಾಂವ ಬರತಾನಲೇ."

"ರವಿವಾರ ತಂದ ನಿಲ್ಲಸತೀನಿ. ಆಮ್ಯಾಲ ಯಾರಿಗರ ಕೊಡು."

ಖಾನಾಪುರದಿಂದ ಮಚ್ಛೆಯ ತನಕ ಅವನು ಒಂಬತ್ತು ಸಲ ಕ್ಲಚ್ ಒತ್ತಿದ. ಗಾಡಿ ಬಾಣದ ಹಾಗೆ ಓಡಿತು. ನಾಲ್ಕು ವರ್ಷದ ಹಿಂದೆ ಅವನು ಪರೀಕ್ಷೆ ಮಾಡಿದ್ದು ಇಷ್ಟೇ ದಾರಿ. ಈ ಸಲ ಶೆಡ್ಡಿನ ಮುಂದೆ ನಿಲ್ಲಿಸದೆ ಪೇಟೆಯ ಕಡೆ ಹೊರಟ. ಟಿಳಕವಾಡಿಯ ರೈಲ್ವೆ ಗೇಟ್ ಹಾಕಿತ್ತು. ತೆರೆದಾಗ ಮುಂದೆ ಸ್ಕೂಟರು, ಹಿಂದೆ ಬಸ್ಸು. ಪೆಡಲ್ ಒಂದಿಷ್ಟು ಬಿಟ್ಟನೋ ಇಲ್ಲವೋ, ಗಾಡಿ ಜಿಗಿದು ಬಂದ್ ಬಿತ್ತು. ಮತ್ತೆ ಚಾಲೂ ಮಾಡಿದ, ಮತ್ತೆ ಬಿತ್ತು.

"ಅಣ್ಣಾ, ಗಾಡಿ ಓಡಸಾಕತ್ತಿಯೋ ಕುಣಸಾಕತ್ತಿಯೋ?" ಎಂದ ಬಾಜೂ ನಿಂತ ಆಟೋದವನು.

ಖಾಸಬಾಗದ ಮನೆ ಮುಟ್ಟುವ ಹೊತ್ತಿಗೆ ಇನ್ನೂ ಎಪ್ಪತ್ತೆಂಟು ಸಲ ಒತ್ತಿದ್ದ. ಎಡಗಾಲು ನಡುಗುತ್ತಿತ್ತು. ಬಾಗಿಲು ತೆರೆದರೂ ಇಳಿಯಲು ಆಗದೆ ಅಲ್ಲೇ ಕೂತ. ಪಂಢರಿನಾಥ ತನ್ನನ್ನು ಕರೆದೊಯ್ಯಲು ಬರುತ್ತಿದ್ದದ್ದು ಈ ದಾರಿಯಲ್ಲೇ. ಬಿಟ್ಟು ಹೋಗುತ್ತಿದ್ದದ್ದೂ ಈ ದಾರಿಯಲ್ಲೇ. ಒಂದೇ ದಿನಕ್ಕೆ ಎರಡು ಸಲ ಹೋಗಿ ಬರುವುದು.

ಶುಕ್ರವಾರ ಗೇರ್‌ಬಾಕ್ಸ್ ಇಳಿಸಿ ಬಟನ್ ಪ್ಲೇಟ್ ತೆಗೆದ. ಹೊಸದರ ಹಾಗೆಯೇ ಇತ್ತು. ಅದನ್ನು ಮೇಜಿನ ಮೇಲಿಟ್ಟು, ಬಾಜೂ ಇನ್ನೆರಡು ಇಟ್ಟುಕೊಂಡು ನೋಡಿದ. ಒಂದು ಕಂಪನಿಯದು, ಕಾಲಿಗೆ ಮೆತ್ತಗೆ, ಆದರೆ ಜಾರುತ್ತದೆ. ಇನ್ನೊಂದಕ್ಕೆ ಸುತ್ತಲೂ ಒಳ್ಳೆಯ ಲೈನಿಂಗ್, ಕ್ಲಚ್ ಹಿಡಿಯುವಾಗಿನ ಜಗ್ಗು ತಡೆದುಕೊಳ್ಳಲು ನಡುವೆ ಸ್ಪ್ರಿಂಗು. ಇದರ ಜೊತೆ ಕಂಪನಿಯದಕ್ಕಿಂತ ತುಸು ಬಿಗಿ ಪ್ರೆಶರ್ ಪ್ಲೇಟ್ ಹಾಕಿದರೆ ಸಾಕು. ಕಾಲಿಗೆ ಭಾರವಿಲ್ಲ, ಮೆಲ್ಲಗೆ ಹಿಡಿಯುತ್ತದೆ. ಆದರೆ ಎಂಜಿನ್ನಿನ ಪೂರ್ತಿ ಜೋರನ್ನು ಇದು ತಡೆಯದು. ಪಂಢರಿನಾಥನಿಗೆ ಫೋನ್ ಮಾಡಿದ.

"ಎಂಜಿನ್ ಜೋರು ಒಂದೀಟ ಇಳಸಬೇಕಾಗತೈತಿ."

"ಎಷ್ಟ?"

"ಎಂಟರಾಗ ಒಂದ ಪಾಲು."

"ಇಳಸು. ಅಂಗಳದಾಗ ನಿಂತ ಗಾಡಿಗೆ ಜೋರು ತಗೊಂಡ ಏನ ಮಾಡ್ಲಿ."

ಶನಿವಾರ ಸಂತೆಯ ಹೊತ್ತಿಗೆ ಖಾಸಬಾಗದ ಬಜಾರದಲ್ಲಿ ಕಾಯಿಪಲ್ಲೆ ಗಾಡಿಗಳ ನಡುವೆ ಆಮೆಯ ಹಾಗೆ ನಡೆಸಿ ನೋಡಿದ. ಒಂದು ಸಲವೂ ಬಂದ್ ಬೀಳಲಿಲ್ಲ.

ರವಿವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಖಾನಾಪುರಕ್ಕೆ ಹೋದ. ಪಂಢರಿನಾಥ ತಾನೇ ಕೂತ. ಅಜಿತಕುಮಾರ ಬಾಜೂ. ಹೊಳೆಯ ಸೇತುವೆಯ ತನಕ ಹೋಗಿ ಬಂದರು. ಗಾಡಿ ಬೆಣ್ಣೆಯ ಹಾಗೆ ಹೊರಟಿತು, ಬೆಣ್ಣೆಯ ಹಾಗೆ ನಿಂತಿತು. ಅಂಗಳಕ್ಕೆ ಬಂದ ಮೇಲೆ ಪಂಢರಿನಾಥ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಹೊರಗಿಟ್ಟ. ಹಣೆಯ ಮೇಲೆ ಬೆವರು.

"ಛಲೋ ಹಾಕಿದಿ. ಗಾಡಿ ಛಲೋ ಆತು, ಕಾಲ ಛಲೋ ಆಗೂ ವ್ಯಾಳ್ಯಾ ಹೋಗೈತಿ" ಎಂದ.

"ಇದನ್ನ ಅವತ್ತ ಹಾಕಬೇಕಿತ್ತು. ತಪ್ಪ ನಂದು."

"ನಾನೂ ಬಾಯಿ ಬಿಡಬೇಕಿತ್ತು, ಬಿಡೋ."

ಪಂಢರಿನಾಥ ಸಾನಿಕಾಳನ್ನು ಕರೆದು ಕೀಲಿ ಕೊಟ್ಟ. "ಮೊದಲಿನ ಐನೂರ ಕಿಲೋಮೀಟರ್ ಸಾವಕಾಶ ಹೊಡಿ, ಲೈನಿಂಗ್ ಕೂಡಬೇಕು" ಎಂದ ಅಜಿತಕುಮಾರ. ಅವಳು ಓಣಿ ಸುತ್ತಿ ಬಂದಳು. ಗಾಡಿ ಒಂದು ಸಲವೂ ಜಿಗಿಯಲಿಲ್ಲ. ಪಂಢರಿನಾಥ ಗೋವಾದವನಿಗೆ ಫೋನ್ ಹಚ್ಚಿ, ಬರಬೇಡ ಎಂದ.

ಈಗ ಆ ಕಪ್ಪು ಕಾರು ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಮಚ್ಛೆಯ ಶೆಡ್ಡಿನ ಮುಂದೆ ಹಾಯುತ್ತದೆ. ಸಾನಿಕಾ ಎರಡು ಸಲ ಹಾರ್ನ್ ಹಾಕುತ್ತಾಳೆ. ಆಫೀಸಿನ ಹೊತ್ತು, ನಿಲ್ಲಲು ಆಗುವುದಿಲ್ಲ. ಅಜಿತಕುಮಾರ ಆ ಹೊತ್ತಿಗೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆ ದಿನದ ಮಾತುಕತೆ ಅವನಿಗೆ ಅಷ್ಟೇ. ತಿಂಗಳಿಗೊಂದು ರವಿವಾರ ಅವಳು ಅಪ್ಪನನ್ನು ಕೂಡಿಸಿಕೊಂಡು ಬರುತ್ತಾಳೆ. ಉಳಿದ ರವಿವಾರಗಳಲ್ಲಿ ಮನೆಯಲ್ಲಿ ಕೂಡಲಾಗದೆ ಅವನು ಶೆಡ್ಡು ತೆರೆದು, ಇಸ್ತ್ರಿ ಅಂಗಿಯಲ್ಲೇ ಸುಮ್ಮನೆ ಕೂತಿರುತ್ತಾನೆ.

ಆ ಕಡೆ ಹೋದರೆ ದಯವಿಟ್ಟು ಒಂದು ಸಲ ಅವನನ್ನು ಕಂಡು ಬನ್ನಿ. ಗಾಡಿ ಇದ್ದರೆ ಕ್ಲಚ್ ಎಷ್ಟು ಸಲ ಒತ್ತಿದಿರಿ ಎಂದು ಎಣಿಸಿಕೊಂಡು ಹೋಗಿ. ಗಾಡಿ ಇಲ್ಲದಿದ್ದರೂ ಹೋಗಿ. ಅವನು ಮೊದಲು ಮಾತಾಡುವುದಿಲ್ಲ, ಸ್ಟೂಲು ಸರಿಸಿ ಕೊಡುತ್ತಾನೆ, ಕೂತುಕೊಳ್ಳಿ. ಸಂಜೆ ಐದರ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಅವನು ಡಬ್ಬಿ ಬಿಚ್ಚುವ ಹೊತ್ತು ಅದು.