ಹಳದಿ ಮೀನಿನ ಮೈಮೇಲಿನ ಚುಕ್ಕೆಗಳು

ಗಡಿಯಾರದಣ್ಣನಷ್ಟು ಹೆದರುಪುಕ್ಕಲ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಐವತ್ತೆಂಟು ತುಂಬಿದರೂ ಲಿಫ್ಟಿನಲ್ಲಿ ಒಬ್ಬನೇ ಹೋಗುವವನಲ್ಲ. ಮನೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬೀಗ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋದವನು ಜಗ್ಗಿದ್ದು ಇವತ್ತೋ ನಿನ್ನೆಯೋ ಎಂದು ಯೋಚಿಸುತ್ತ ನಿಂತುಬಿಡುತ್ತಿದ್ದ. ಅವನು ಹೆದರದೆ ಮಾಡುತ್ತಿದ್ದ ಕೆಲಸ ಒಂದೇ, ಗಡಿಯಾರ ರಿಪೇರಿ. ಬಲಗಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಕೂತನೆಂದರೆ, ಸಾಸಿವೆಗಿಂತ ಸಣ್ಣ ತಿರುಪನ್ನೂ ಕೈ ನಡುಗದೆ ಕೂರಿಸುತ್ತಿದ್ದ. ಎದುರಿಗೆ ನಿಂತ ಗಿರಾಕಿ ಸೀನಿದರೆ ಮಾತ್ರ ಬೆಚ್ಚಿಬೀಳುತ್ತಿದ್ದ.

ಇಂಥವನು ಮನೆಯ ಮುಂದಿನ ಕೋಣೆಯಲ್ಲಿ ಒಂದು ತುಂಡು ಸಮುದ್ರವನ್ನೇ ತಂದಿಟ್ಟುಕೊಂಡಿದ್ದ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಹವಳದ ಕಲ್ಲುಗಳು, ಮೇಲೆ ನೀಲಿ ದೀಪ. ನಲ್ಲಿ ನೀರು ಕುಡಿದುಕೊಂಡು ಹೇಗೋ ಬದುಕಿಕೊಳ್ಳುವ ಬಡಪಾಯಿ ಮೀನುಗಳಲ್ಲ ಇವು. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಮುನಿಸು, ನೀರು ಒಂದಿಷ್ಟು ಬಿಸಿಯಾದರೂ ಮುನಿಸು. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲೇ ನೀರಿನ ಉಪ್ಪು ಅಳೆಯುತ್ತಿದ್ದ. ಹೆದರುವುದೇ ಕಸುಬಾದವನಿಗೆ ಇದು ಹೇಳಿ ಮಾಡಿಸಿದ ಹವ್ಯಾಸ. ತನ್ನ ಅಡುಗೆಯ ಉಪ್ಪಿನ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಮಾತಾಡಿದವರಲ್ಲ, ಮೀನಿನ ಉಪ್ಪಿಗೆ ಮಾತ್ರ ದಿನಾ ಪರೀಕ್ಷೆ ಎಂದು ಹೆಂಡತಿ ಕುಟುಕುತ್ತಿದ್ದಳು.

ಹೆಂಡತಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಇಪ್ಪತ್ತಾರು ವರ್ಷದಿಂದ ಅಕ್ಷರಗಳ ತಪ್ಪು ಹೆಕ್ಕಿ ಹೆಕ್ಕಿ ಅವಳ ಕಣ್ಣು ಎಷ್ಟು ಚೂಪಾಗಿತ್ತೆಂದರೆ, ಬೀದಿಯ ಬೋರ್ಡಿನಲ್ಲಿ ಒಂದು ಸೊನ್ನೆ ಬಿದ್ದುಹೋಗಿದ್ದರೂ ಬಸ್ಸಿನಿಂದಲೇ ಹಿಡಿಯುತ್ತಿದ್ದಳು. ಆದರೆ ತೊಟ್ಟಿಯ ಕಡೆ ಅವಳು ಕಣ್ಣೆತ್ತಿ ನೋಡುತ್ತಿದ್ದುದು ಅಪರೂಪ. ದಿನವಿಡೀ ಕಣ್ಣು ದುಡಿಸಿ ಬಂದವಳಿಗೆ ಮನೆಯಲ್ಲಾದರೂ ಏನನ್ನೂ ನೋಡದೆ ಕೂರಬೇಕೆನಿಸುತ್ತಿತ್ತು.

ತೊಟ್ಟಿಯ ರಾಜ ಒಂದು ಹಳದಿ ಮೀನು. ಆಳದ ಹವಳದಿಬ್ಬಗಳಲ್ಲಿ, ಮುಳುಗುಗಾರರೂ ಅಪರೂಪಕ್ಕೆ ಇಳಿಯುವ ಕಡೆ ಇರುವಂಥದು. ಅಕ್ವೇರಿಯಂ ಅಂಗಡಿಯವನಿಗೆ ಹೇಳಿಟ್ಟು ಮೂರು ವರ್ಷ ಕಾದ ಮೇಲೆ ಒಂದೇ ಒಂದು ಬಂದಿತ್ತು. ಅಂಗೈಯಗಲ ಮೈ, ಕಲೆಯಿಲ್ಲದ ಹಳದಿ, ಬೆನ್ನಿನ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ. ಅದು ಕಲ್ಲಿನ ಮರೆಯಿಂದ ಈಚೆ ಬಂದು ತಿರುಗಿದಾಗ ಗಡಿಯಾರದಣ್ಣ ಕಾಫಿ ಲೋಟ ಹಿಡಿದವನು ಹಿಡಿದಂತೆಯೇ ಕೂತುಬಿಡುತ್ತಿದ್ದ. ಅಷ್ಟು ಹೊತ್ತು ಅವನಿಗೆ ಯಾವ ಭಯವೂ ಇರುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆ ಹಳದಿಯ ಮೇಲೆ ಕಪ್ಪು ಚುಕ್ಕೆಗಳು ಕಂಡವು.

ಮೊದಲು ಮೂರೋ ನಾಲ್ಕೋ. ಗಾಜಿನ ಮೇಲಿನ ಕೊಳೆಯೇನೋ ಎಂದು ಬಟ್ಟೆಯಿಂದ ಒರೆಸಿದ. ಮೀನು ಎಡಕ್ಕೆ ಹೋದರೆ ಚುಕ್ಕೆಗಳೂ ಎಡಕ್ಕೆ, ಬಲಕ್ಕೆ ತಿರುಗಿದರೆ ಅವೂ ಬಲಕ್ಕೆ. ಭೂತಗನ್ನಡಿ ತಂದು ಬಲಗಣ್ಣಿಗೆ ಹಚ್ಚಿ ನೋಡಿದ. ಈಗ ಹತ್ತು ಹನ್ನೆರಡು ಕಂಡವು. ಅಕ್ವೇರಿಯಂ ಅಂಗಡಿಯವನಿಗೆ ಫೋನು ಮಾಡಿದ. ಹಳದಿ ಮೀನಿಗೆ ಹಾಗೆ ಕಪ್ಪು ಹುಳು ಹತ್ತುವುದುಂಟು, ಬಿಟ್ಟರೆ ಮೀನು ಉಳಿಯದು ಎಂದು ಅವನು ಹೇಳಿದ. ಐದು ನಿಮಿಷ ಸಿಹಿನೀರಿನಲ್ಲಿ ಮುಳುಗಿಸಿದರೆ ಹುಳುಗಳು ಉದುರಿ ತಳಕ್ಕೆ ಬೀಳುತ್ತವೆ, ಬಿಳಿ ಟಬ್ಬಿನಲ್ಲಿ ಮಾಡಿದರೆ ಬಿದ್ದದ್ದು ಕಣ್ಣಿಗೇ ಕಾಣುತ್ತದೆ. ಆದರೆ ಸಮುದ್ರದ ಮೀನಿಗೆ ಸಿಹಿನೀರೆಂದರೆ ನರಕ, ಸುಮ್ಮಸುಮ್ಮನೆ ಮಾಡಬೇಡಿ ಎಂದೂ ಸೇರಿಸಿದ.

ಆ ಸಂಜೆ ಅಡುಗೆಮನೆಯ ನೆಲದ ಮೇಲೆ ಬಿಳಿ ಟಬ್ಬಿಟ್ಟು, ನೀರಿನ ಬಿಸಿಯನ್ನು ತೊಟ್ಟಿಯ ಬಿಸಿಗೆ ಸರಿಹೊಂದಿಸಿ, ಮೀನನ್ನು ಇಳಿಸಿದ. ಹೆಂಡತಿ ಗಡಿಯಾರ ಹಿಡಿದು ನಿಮಿಷ ಹೇಳುತ್ತಿದ್ದಳು. ಒಂದು ನಿಮಿಷಕ್ಕೆ ಮೀನು ಪಕ್ಕಕ್ಕೆ ವಾಲಿ ಮಲಗಿತು. ಎರಡಕ್ಕೆ ಕಿವಿರು ಪಟಪಟ ಬಡಿಯತೊಡಗಿತು. ಆದರೂ ಟಬ್ಬಿನ ತಳದಲ್ಲಿ ಚುಕ್ಕೆಗಳು ಕಂಡವಲ್ಲ, ಗಡಿಯಾರದಣ್ಣನಿಗೆ ಅದೇ ಸಮಾಧಾನ. ಐದು ತುಂಬಿದ ಕೂಡಲೇ ಮೀನನ್ನು ತೊಟ್ಟಿಗೆ ಬಿಟ್ಟು ಓಡಿಬಂದ.

"ನೋಡು, ಎಷ್ಟೊಂದು ಉದುರಿದಾವೆ," ಎಂದ.

ಅವಳು ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಎಲ್ಲಿ? ಏನೂ ಇಲ್ವಲ್ಲ," ಎಂದು ತಳದ ಮೇಲೆ ಬೆರಳಾಡಿಸಿ ಎತ್ತಿ ತೋರಿಸಿದಳು. ಬೆರಳ ತುದಿಯಲ್ಲಿ ನೀರಿತ್ತು, ಅಷ್ಟೆ. ಗಡಿಯಾರದಣ್ಣ ಬೆರಳು ನೋಡಿದ. ಚುಕ್ಕೆಗಳು ಟಬ್ಬು ಬಿಟ್ಟು ಬೆರಳ ಮೇಲೆ ಬಂದಿದ್ದವು. ಅವಳ ಮುಖ ನೋಡಿದ. ಮುಖದ ಮೇಲೆ ಬಂದು, ನಿಧಾನವಾಗಿ ಕೆನ್ನೆಯ ಕಡೆ ಜಾರಿದವು.

ಹೌದು, ನೀರಲ್ಲಿ ಹೋಗಿರಬೇಕು ಎಂದು ತೊದಲಿ, ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡ. ಬಿಳಿ ಗೋಡೆಯ ಮುಂದೆ ನಿಂತು ಬಲಗಣ್ಣು ಮುಚ್ಚಿದ. ಗೋಡೆ ಸ್ವಚ್ಛವಾಗಿತ್ತು. ತೆರೆದು ಎಡಗಣ್ಣು ಮುಚ್ಚಿದ. ಗೋಡೆಯ ತುಂಬ ಚುಕ್ಕೆಗಳು, ಕಣ್ಣು ಹೊರಳಿದ ಕಡೆಗೆ ಹೊರಳುತ್ತಿದ್ದವು. ಅಳುವ ಸದ್ದು ಹೊರಗೆ ಕೇಳಬಾರದೆಂದು ನಲ್ಲಿ ತಿರುಗಿಸಿ, ಬಕೆಟ್ಟಿನ ಅಂಚು ಹಿಡಿದು ಕೂತ.

ಅವನ ಅಮ್ಮನಿಗೆ ಆದದ್ದೂ ಇದೇ. ಅವನಿಗೆ ಹದಿನಾಲ್ಕು ವರ್ಷವಿದ್ದಾಗ ಅಮ್ಮ ಇದ್ದಕ್ಕಿದ್ದಂತೆ ಇಲ್ಲದ ನೊಣಗಳನ್ನು ಟವೆಲಿನಿಂದ ಅಟ್ಟತೊಡಗಿದ್ದಳು. ಅವನೂ ಅಕ್ಕನೂ ಬಿದ್ದು ಬಿದ್ದು ನಕ್ಕಿದ್ದರು. ಅಮ್ಮಾ ಅಲ್ಲೊಂದು ಕೂತಿದೆ, ಇಲ್ಲೊಂದು ಕೂತಿದೆ ಎಂದು ತೋರಿಸಿ ತೋರಿಸಿ ಹೊಡೆಸಿದ್ದರು. ಹತ್ತು ದಿನದ ಮೇಲೆ ಆ ಕಣ್ಣಿಗೆ ಪರದೆ ಇಳಿಬಿಟ್ಟಂತಾಯಿತು. ವೈದ್ಯರು ನೋಡಿ, ನೊಣ ಕಂಡ ದಿನವೇ ಬರಬೇಕಿತ್ತು ಎಂದರಂತೆ. ಅಲ್ಲಿಂದ ಸಾಯುವವರೆಗೂ ಅಮ್ಮ ಒಂದೇ ಕಣ್ಣಿನಲ್ಲಿ ಬದುಕಿದಳು.

ಇಷ್ಟೆಲ್ಲ ಗೊತ್ತಿದ್ದವನು ಆ ಕ್ಷಣವೇ ಆಸ್ಪತ್ರೆಗೆ ಓಡಬೇಕಿತ್ತು ಎಂದು ನೀವು ಹೇಳಬಹುದು. ಆದರೆ ಭಯ ಹಾಗೆಲ್ಲ ಓಡಲು ಬಿಡುವುದಿಲ್ಲ. ಬಲಗಣ್ಣು ಹೋಯಿತೆಂದರೆ ಕಸುಬು ಹೋಯಿತು. ಜಗತ್ತಿನಲ್ಲಿ ಅವನು ಧೈರ್ಯವಾಗಿ ಕೂತಿದ್ದ ಜಾಗ ಅದೊಂದೇ. ಡಾಕ್ಟರು ಹೇಳುವವರೆಗೆ ಅದು ನಿಜವಲ್ಲ ಎಂದು ಅವನ ಮನಸ್ಸು ಹಟ ಹಿಡಿಯಿತು. ಮಂಗಳವಾರ ತನ್ನ ರಿಪೇರಿ ಅಂಗಡಿಗೆ ಹೋಗಿ, ಒಂದೇ ಗಡಿಯಾರವನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮುಚ್ಚಿ ಬಂದ. ಅವತ್ತೇ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತೆ ಎರಡು ಸಲ ಬೆಳಕು ಚಿಮ್ಮಿತು.

ಬುಧವಾರ ಬೆಳಿಗ್ಗೆ ಹೆಂಡತಿ ಎದ್ದು ಬಂದಾಗ ಅವನು ಮತ್ತೆ ಬಿಳಿ ಟಬ್ಬಿಗೆ ನೀರು ತುಂಬುತ್ತಿದ್ದ. ಮೀನಿನ್ನೂ ಸುಧಾರಿಸಿಕೊಂಡಿರಲಿಲ್ಲ. ಎರಡು ದಿನದಿಂದ ಆಹಾರ ಮುಟ್ಟದೆ ಮೂಲೆಯ ಕಲ್ಲಿಗೆ ಒರಗಿತ್ತು, ಬಣ್ಣ ಮಂಕಾಗಿತ್ತು. ಇನ್ನೊಮ್ಮೆ ಅದ್ದಿದರೆ ಸತ್ತೇಹೋಗುತ್ತದೆ ಎಂದು ಅವಳು ಬಲೆಯನ್ನು ಅವನ ಕೈಯಿಂದ ಕಸಿದುಕೊಂಡಳು. ಮೂರು ವರ್ಷ ಅದಕ್ಕಾಗಿ ಕಾದವನು, ಈಗ ಅದಕ್ಕೇ ರೋಗವಿರಲಿ, ಅದಕ್ಕೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಹಾಗೆ ಬೇಡಿಕೊಂಡಿದ್ದಕ್ಕೆ ಅವನಿಗೆ ನಾಚಿಕೆಯಾಗಿ ಅಳು ಬಂತು.

"ಸರಿಯಾಗಿ ನೋಡು. ಒಂದಾದ್ರೂ ಇದ್ದೇ ಇರುತ್ತೆ. ಒಂದು ಇದೆ ಅಂತ ಹೇಳು ಸಾಕು," ಎಂದ.

ಅವಳು ತೊಟ್ಟಿಯ ಮುಂದೆ ಮಂಡಿಯೂರಿ, ಕರಡು ನೋಡುವಂತೆ, ಬಾಲದ ತುದಿಯಿಂದ ಮೂತಿಯವರೆಗೆ ಮೀನನ್ನು ಓದಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಇಲ್ಲದ್ದನ್ನು ಇದೆ ಎನ್ನು ಎಂದು ಅವನು ಯಾವತ್ತೂ ಕೇಳಿದವನಲ್ಲ. ಅವನ ಬಲಗಣ್ಣು ತನ್ನ ಮುಖದ ಮೇಲೆ ನಿಲ್ಲದೆ ಏನನ್ನೋ ಅಟ್ಟಿಸಿಕೊಂಡು ಹೋಗುತ್ತಿರುವುದು ಅವಳಿಗೆ ಕಂಡಿತು. ಅತ್ತೆಯ ನೊಣಗಳ ಕಥೆ ಅವಳಿಗೂ ಗೊತ್ತಿತ್ತು.

"ರೀ, ನನ್ನ ಮುಖದ ಮೇಲೂ ಇದಾವಾ?"

ಅವನು ತಲೆಯಾಡಿಸಿದ. "ಇದಾವೆ," ಎಂದ. "ಸೋಮವಾರದಿಂದ."

ಅವಳು ಬೈಯಲಿಲ್ಲ. ಟಬ್ಬಿನ ನೀರು ಚೆಲ್ಲಿ, ಅವನ ಚಪ್ಪಲಿಯನ್ನು ಕಾಲಿನ ಹತ್ತಿರ ತಂದಿಟ್ಟಳು. ಕಣ್ಣಾಸ್ಪತ್ರೆ ಐದನೇ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಅವನು ಅವಳ ತೋಳನ್ನು ಗೀರು ಬೀಳುವಷ್ಟು ಬಿಗಿಯಾಗಿ ಹಿಡಿದಿದ್ದ. ಹನಿ ಹಾಕಿದರು, ಕತ್ತಲು ಕೋಣೆಯಲ್ಲಿ ಕೂರಿಸಿದರು, ಕಣ್ಣೊಳಗೆ ಬೆಳಕು ಬಿಟ್ಟು ಮೇಲೆ ನೋಡಿ, ಕೆಳಗೆ ನೋಡಿ ಎಂದರು. ಡಾಕ್ಟರಮ್ಮ ಮಾತು ನಿಲ್ಲಿಸಿದ ಆ ಅರ್ಧ ನಿಮಿಷದಂಥ ಅರ್ಧ ನಿಮಿಷವನ್ನು ಅವನು ತನ್ನ ಯಾವ ಗಡಿಯಾರದಲ್ಲೂ ಕಂಡಿರಲಿಲ್ಲ. ಕಣ್ಣಿನ ಹಿಂಪರದೆ ಹರಿದಿದೆ, ಇನ್ನೂ ಕಳಚಿಲ್ಲ, ಇನ್ನೆರಡು ದಿನ ತಡೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಅವತ್ತೇ ಲೇಸರ್ ಹಾಕಿ ಹರಿದ ಜಾಗದ ಸುತ್ತ ಅಂಟಿಸಿದರು. ಕಣ್ಣು ಉಳಿಯಿತು. ಚುಕ್ಕೆಗಳು ಮಾತ್ರ ಪೂರ್ತಿ ಹೋಗುವುದಿಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದರು.

ಅಭ್ಯಾಸವಾಯಿತು. ಕಣ್ಣನ್ನೊಮ್ಮೆ ಮೇಲೆ ಕೆಳಗೆ ಆಡಿಸಿದರೆ ಚುಕ್ಕೆಗಳು ಪಕ್ಕಕ್ಕೆ ಸರಿಯುತ್ತವೆ, ಆ ಎಡೆಯಲ್ಲಿ ತಿರುಪು ಕೂರಿಸಬಹುದು. ಮೀನೂ ವಾರದೊಳಗೆ ಮೂಲೆ ಬಿಟ್ಟು ಬಂತು. ಆದರೆ ಅದರ ಮೈ ಸ್ವಚ್ಛವಾಗಿದೆಯೋ ಇಲ್ಲವೋ ಎಂದು ತನ್ನ ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳುವ ಧೈರ್ಯ ಅವನಿಗೆ ಮತ್ತೆ ಬರಲಿಲ್ಲ. ನಿಜವಾದ ಹುಳು ಹತ್ತಿದ ದಿನ ತಾನು ಕಣ್ಣಿನ ಚುಕ್ಕೆಯೆಂದು ಸುಮ್ಮನಿದ್ದುಬಿಟ್ಟರೆ? ಹಾಗಾಗಿ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹೆಂಡತಿ ತೊಟ್ಟಿಯ ಮುಂದೆ ನಿಂತು ಮೀನಿನ ಕರಡು ನೋಡುತ್ತಾಳೆ. ತಪ್ಪಿಲ್ಲ ಎಂದು ಅವಳು ಹೇಳುವವರೆಗೆ ಇವನಿಗೆ ಕಾಫಿ ಇಳಿಯುವುದಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಅವಳು ಎಷ್ಟು ಹೊತ್ತಾದರೂ ಏನೂ ಹೇಳಲಿಲ್ಲ. ಬ್ಯಾಗು ಹೆಗಲಲ್ಲಿತ್ತು, ಬಸ್ಸಿನ ಹೊತ್ತು ಮೀರಿತ್ತು, ಅವಳು ಮಾತ್ರ ಅಲುಗಾಡದೆ ನಿಂತಿದ್ದಳು. ಗಡಿಯಾರದಣ್ಣ ಮೀನಿನ ಬಗ್ಗೆ ಕೇಳಲಿಲ್ಲ. ಹತ್ತಿರ ಹೋಗಿ, ಅವಳ ಕನ್ನಡಕ ತೆಗೆದು, ಎರಡೂ ಕಣ್ಣುಗಳನ್ನು ಹುಡುಕುವಂತೆ ನೋಡಿದ.

"ನಿನಗೇನಾದ್ರೂ ಕಾಣ್ತಾ ಇದೆಯಾ?" ಎಂದ.

"ಮೀನು ಕಾಣ್ತಾ ಇದೆ," ಎಂದಳು ಅವಳು. "ತಪ್ಪು ಹುಡುಕೋದು ಮರೆತುಹೋಯ್ತು. ಎಷ್ಟು ಚೆನ್ನಾಗಿದೆ ರೀ ಇದು."

ಕನ್ನಡಕವನ್ನು ಅವನ ಕೈಯಿಂದ ತೆಗೆದುಕೊಂಡು, ಹಾಕಿಕೊಂಡು, ಅವಳು ಮತ್ತೆ ತೊಟ್ಟಿಯ ಕಡೆ ತಿರುಗಿದಳು. ಅವತ್ತು ಅವಳಿಗೆ ಬಸ್ಸು ತಪ್ಪಿತು.